ಪೆನ್ಸಿಲ್ ಗುರುತಿದ್ದಲ್ಲಿ ಸಹಿ

ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಬೆಳಗ್ಗೆ ಆರೂವರೆಗೆ ನಮ್ಮೂರ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬ ಕಂಕುಳಲ್ಲಿ ಉದ್ದನೆಯ ಪುಸ್ತಕ ಅವುಚಿಕೊಂಡು ಓಡಿಬಂದ. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಬೈಂಡು ಹಾಕಿದ್ದರು. ‘ಹೆಡ್‌ಮಾಸ್ಟ್ರು ಕಳ್ಸವ್ರೆ, ಸೈನ್ ಬೇಕಂತೆ’ ಅಂದ. ನಾನೂ ಸದಸ್ಯನಾಗಿದ್ದ ಶಾಲಾ ಸಮಿತಿಯ ನಡಾವಳಿ ಪುಸ್ತಕ ಅದು. ಪುಟದ ಕೊನೆಯಲ್ಲಿ ಸಾಲಾಗಿ ನಮ್ಮ ಹೆಸರುಗಳು, ಒಂದೊಂದು ಹೆಸರಿನ ಮುಂದೆಯೂ ಪೆನ್ಸಿಲ್ಲಿನಲ್ಲಿ ಸಣ್ಣ ಇಂಟು ಗುರುತು. ಇಟ್ಟುಕೊಂಡು ಬರೆಯಲು ಜಾಗ ಇರಲಿಲ್ಲ. ಹುಡುಗ ತಾನಾಗಿಯೇ ಬೆನ್ನು ಬಗ್ಗಿಸಿ ನಿಂತ. ಅವನ ಬೆನ್ನಿನ ಮೇಲೆ ಪುಸ್ತಕ ಇಟ್ಟು, ಗುರುತಿದ್ದ ಕಡೆ ಸಹಿ ಜಡಿದೆ. ಅವನು ಮುಂದಿನ ಮನೆಗೆ ಓಡಿದ.

ಮೇಲೆ ಏನು ಬರೆದಿತ್ತು? ಓದಲಿಲ್ಲ. ಮೊದಲ ಸಾಲಿನ ಮೇಲೆ ಮಾತ್ರ ಕಣ್ಣಾಡಿತು. ಹಿಂದಿನ ವಾರ ಇಂಥ ದಿನ ಬೆಳಗ್ಗೆ 11 ಗಂಟೆಗೆ ಸಭೆ ಸೇರಿ, ಎಂದು ಶುರುವಾಗಿತ್ತು. ಆ ದಿನ ಆ ಹೊತ್ತಿಗೆ ನಾನು ಸಂತೆಯಲ್ಲಿ ಟೊಮೆಟೊ ಕ್ರೇಟು ಇಳಿಸುತ್ತಿದ್ದೆ. ಕಾಗದದ ಮೇಲೆ ಮಾತ್ರ ಶಾಲೆಯ ಕೊಠಡಿಯಲ್ಲಿ ಕೂತು ಊರ ಮಕ್ಕಳ ಹಿತ ಚಿಂತಿಸುತ್ತಿದ್ದೆ.

ಇದನ್ನು ನನ್ನ ತಪ್ಪೊಪ್ಪಿಗೆ ಎಂದೇ ಮೊದಲು ಬರೆಯುತ್ತಿದ್ದೇನೆ. ಯಾಕೆಂದರೆ ಮುಂದೆ ಬರೆಯುವುದೆಲ್ಲ ಬೈಗುಳ. ಬೈಯುವವನು ತಾನೇನು ಮಾಡಿದ್ದ ಎಂದು ಮೊದಲೇ ಹೇಳಿಬಿಡುವುದು ನ್ಯಾಯ.

ಆ ಸಹಿಯ ಬೆಲೆ ಏನು ಎಂದು ನನಗೆ ಗೊತ್ತಾದದ್ದು ತಡವಾಗಿ. ಕರ್ನಾಟಕದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಊರಲ್ಲಿ ಎಸ್‌ಡಿಎಂಸಿ ಎಂದರೆ ಎಲ್ಲರಿಗೂ ಗೊತ್ತು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ 2001ರ ಏಪ್ರಿಲ್ 28ರಂದು ಸರ್ಕಾರ ಇದನ್ನು ಆದೇಶ ಹೊರಡಿಸಿ ಹುಟ್ಟುಹಾಕಿತು. ಅದಕ್ಕೂ ಮೊದಲು ಇದ್ದ ಸಮಿತಿಗಳಲ್ಲಿ ಊರ ದೊಡ್ಡವರೇ ತುಂಬಿರುತ್ತಿದ್ದರು. 2001ರ ಆದೇಶದ ಹೊಸತನ ಏನೆಂದರೆ, ಮಗು ಆ ಶಾಲೆಯಲ್ಲಿ ಓದುತ್ತಿರುವ ಅಪ್ಪ ಅಮ್ಮಂದಿರೇ ಸಭೆ ಸೇರಿ ತಮ್ಮೊಳಗಿಂದ ಸದಸ್ಯರನ್ನು ಆರಿಸಬೇಕು. 2006ರಲ್ಲಿ ಪಂಚಾಯತ್ ರಾಜ್ ವ್ಯವಸ್ಥೆಯ ಅಡಿಯಲ್ಲಿ ಇದಕ್ಕೆ ಮಾದರಿ ಉಪವಿಧಿಗಳು ಬಂದವು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾದಾಗ ಇದಕ್ಕೆ ಕಾನೂನಿನ ಬಲವೇ ಸಿಕ್ಕಿತು. ಕಾಯ್ದೆಯ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು ಸಿಗಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ದುಡ್ಡು ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಇದರ ಕೆಲಸ.

22ನೇ ಕಲಮನ್ನು ಎರಡು ಸಲ ಓದಬೇಕು. ಸಮಿತಿ ತಯಾರಿಸಿದ ಯೋಜನೆಯನ್ನು ಆಧಾರವಾಗಿ ಇಟ್ಟುಕೊಂಡೇ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಶಾಲೆಗೆ ಅನುದಾನ ಕೊಡಬೇಕು ಎನ್ನುತ್ತದೆ ಅದು. ಎಷ್ಟು ಮಕ್ಕಳಿದ್ದಾರೆ, ಎಷ್ಟು ಮೇಷ್ಟ್ರು ಬೇಕು, ಕೊಠಡಿ ಸೋರುತ್ತಿದೆಯೋ ಇಲ್ಲವೋ ಎಂದು ವಿಧಾನಸೌಧಕ್ಕೆ ಹೇಳಬೇಕಾದವರು ಊರಿನವರು.

ನಮ್ಮ ಶಾಲೆಯ ಯೋಜನೆಯನ್ನು ಒಮ್ಮೆ ಕೇಳಿ ತರಿಸಿ ನೋಡಿದೆ. ಹಿಂದಿನ ವರ್ಷದ್ದನ್ನೇ ಜೆರಾಕ್ಸ್ ಮಾಡಿಸಿ, ಇಸವಿಯ ಮೇಲೆ ವೈಟ್ನರ್ ಬಳಿದು ಹೊಸ ಇಸವಿ ಬರೆದಿದ್ದರು. ಬೇಡಿಕೆಗಳ ಪಟ್ಟಿಯಲ್ಲಿ ಮೊದಲನೆಯದು ಶಾಲೆಗೆ ಕಾಂಪೌಂಡು. ಕಾಂಪೌಂಡು ಕಟ್ಟಿ ಎರಡು ವರ್ಷವಾಗಿತ್ತು. ಅದರ ಮೇಲೆ ಕೂತು ನಮ್ಮೂರ ಹುಡುಗರು ಸಂಜೆ ಹೊತ್ತು ಬೀಡಿ ಸೇದುತ್ತಿದ್ದರು. ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಗಣಿತದ ಮೇಷ್ಟ್ರು. ಅವರು ವರ್ಗವಾಗಿ ಹೋಗಿ ಆಗಲೇ ಏಳು ತಿಂಗಳು. ಆ ಕಾಗದದ ಕೆಳಗೂ ನಮ್ಮೆಲ್ಲರ ಸಹಿಗಳಿದ್ದವು. ಇರುವ ಗೋಡೆಯನ್ನು ಇನ್ನೊಮ್ಮೆ ಕೊಡಿ ಎಂದು ಬೇಡಿ, ಇಲ್ಲದ ಮೇಷ್ಟ್ರ ಸುದ್ದಿಯನ್ನೇ ಎತ್ತದ ಊರಿಗೆ ಸರ್ಕಾರ ಏನನ್ನು ಕೊಡಬೇಕು?

‘ಸರ್ಕಾರಿ ಶಾಲೆ ಅಂದ್ರೆ ಇಷ್ಟೇ’ ಎಂದು ಅರಳಿಕಟ್ಟೆಯ ಮೇಲೆ ಕೂತು ಹೇಳುವವರನ್ನು ಕೇಳುತ್ತೇನೆ: ಆ ಶಾಲೆಯ ಆಡಳಿತ ಯಾರದ್ದು ಎಂದುಕೊಂಡಿದ್ದೀರಿ? ಮೇಲಿನಿಂದ ಎಣಿಸಿದರೆ ಇಲಾಖೆಯ ಏಣಿ ಕಾಣಿಸುತ್ತದೆ. ಆಯುಕ್ತರು, ಜಿಲ್ಲೆಗೆ ಒಬ್ಬ ಉಪನಿರ್ದೇಶಕರು, ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಹತ್ತಾರು ಶಾಲೆಗಳ ಗುಂಪಿಗೊಬ್ಬ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿ, ಕೊನೆಯ ಮೆಟ್ಟಿಲಲ್ಲಿ ಹೆಡ್‌ಮಾಸ್ಟ್ರು. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೆ ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿ ಇವು ಭೂಪಟದಲ್ಲಿ ಜಿಲ್ಲೆಗಳಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಜಿಲ್ಲೆಗಳು. ಈ ಶೈಕ್ಷಣಿಕ ಜಿಲ್ಲೆಗೆ ನಾವು ಯಾರನ್ನೂ ಆರಿಸಿ ಕಳಿಸುವುದಿಲ್ಲ. ಅದು ಅಧಿಕಾರಿಯ ವ್ಯಾಪ್ತಿಯ ಗೆರೆ, ಅಷ್ಟೇ. ಇಡೀ ಏಣಿಯಲ್ಲಿ ಊರಿನವರ ಕೈಗೆ ನೇರವಾಗಿ ಸಿಕ್ಕಿರುವುದು ಕೊನೆಯ ಮೆಟ್ಟಿಲೊಂದೇ. ಅದನ್ನು ನಾವು ಡೇರಿ ಮುಂದೆ ಹುಡುಗನ ಬೆನ್ನಿನ ಮೇಲೆ ಬರೆದು ವಾಪಸು ಕೊಟ್ಟಿದ್ದೇವೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬಂದಾಗ ಅಲ್ಲಿಯ ಸ್ಕೂಲ್ ಡಿಸ್ಟ್ರಿಕ್ಟಿನ ಮಾತು ತೆಗೆಯುತ್ತಾರೆ. ಅಲ್ಲಿ ಅಂಥವು ಸುಮಾರು 13 ಸಾವಿರ ಇವೆ. ಹೆಚ್ಚಿನ ಕಡೆ ಜನ ಓಟು ಹಾಕಿ ಆರಿಸಿದ ಶಾಲಾ ಮಂಡಳಿ ಇರುತ್ತದೆ. ಅದು ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಬಜೆಟ್ಟು ಒಪ್ಪುತ್ತದೆ. ಮನೆ ಜಮೀನಿನ ಮೇಲಿನ ತೆರಿಗೆಯಿಂದ ಶಾಲೆಗೆ ದುಡ್ಡು ಬರುತ್ತದೆ. ಆದ್ದರಿಂದ ಸಿರಿವಂತರ ಊರಿನ ಶಾಲೆ ಸಿರಿವಂತ, ಬಡವರ ಊರಿನದು ಬಡವ. ಮಂಡಳಿಯ ಚುನಾವಣೆಗೆ ಅಲ್ಲೂ ಜನ ಬರುವುದು ಕಡಿಮೆಯೇ. ಸ್ವರ್ಗವೇನೂ ಅಲ್ಲ. ಆದರೂ ಅಲ್ಲಿನ ಸಭೆಗೆ ಹೋಗಿ ಮೈಕಿನ ಮುಂದೆ ನಿಂತು, ಸ್ಕೂಲ್ ಬಸ್ಸಿನ ಹೊತ್ತು ಬದಲಿಸಿದ್ದೇಕೆ ಎಂದು ಕೇಳುವ ನಮ್ಮವರು, ಇಲ್ಲಿ ತಮ್ಮ ಹಳೆಯ ಶಾಲೆಗೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: ‘ಬಣ್ಣ ಹೊಡೆಸೋಣವಾ?’

ಬಣ್ಣದ ಮಾತಿಗೆ ಆಮೇಲೆ ಬರುತ್ತೇನೆ. ಊರ ಕೈಯಲ್ಲಿ ಶಾಲೆ ಇರುವುದು ನಮಗೂ ಹೊಸದೇನಲ್ಲ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಶಾಲೆಗಳ ಉಸ್ತುವಾರಿ ಸ್ಥಳೀಯ ಸಂಸ್ಥೆಗಳಿಗೆ ಬಂದಿತ್ತು. ದಕ್ಷಿಣ ಕನ್ನಡದ ಹಿರಿಯರು ಇವತ್ತಿಗೂ ತಾವು ಓದಿದ್ದು ಬೋರ್ಡ್ ಹೈಸ್ಕೂಲಿನಲ್ಲಿ ಎನ್ನುತ್ತಾರೆ. ಆ ಬೋರ್ಡು ಜಿಲ್ಲಾ ಬೋರ್ಡು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಬಂತು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಆಗ ಮೇಷ್ಟ್ರು ಶಾಲೆಗೆ ಬರಲಿಲ್ಲವೆಂದರೆ ಮಂಡಲ ಪಂಚಾಯತಿಯ ಮೆಂಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದಿನಗಳನ್ನು ಕಂಡವರು ಇನ್ನೂ ಇದ್ದಾರೆ. ಮುಂದೆ ಸಂವಿಧಾನದ 73ನೇ ತಿದ್ದುಪಡಿ ಬಂದು, ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನೂ ಪಂಚಾಯತಿಗೆ ವಹಿಸಬಹುದಾದ ವಿಷಯವೆಂದು ಬರೆಯಿತು. ಕೊಟ್ಟದ್ದನ್ನು ಉಳಿಸಿಕೊಳ್ಳದೆ ಹೋದದ್ದು ಮಾತ್ರ ನಾವು.

ಈಗ ಒಬ್ಬೊಬ್ಬರ ಬಾಗಿಲಿಗೂ ಹೋಗೋಣ.

ಮೊದಲು ಊರಿನ ಉಳ್ಳವರು. ನಿಮ್ಮ ಮಕ್ಕಳು ಹಳದಿ ವ್ಯಾನು ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗುತ್ತಾರೆ. ಆದರೂ ಸರ್ಕಾರಿ ಶಾಲೆಯ ಸಮಿತಿಗೆ ಯಾರು ಅಧ್ಯಕ್ಷರಾಗಬೇಕು ಎಂದು ತೀರ್ಮಾನಿಸುವವರು ನೀವು. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಮುಂದಿನ ಕುರ್ಚಿ ನಿಮ್ಮದು. ಶಾಲೆಯ ಮೈದಾನದಲ್ಲಿ ರಾಗಿ ಬಣವೆ ಒಟ್ಟಿದವರು ನೀವು, ಅದರ ಅಂಚಿನಲ್ಲಿ ತಿಪ್ಪೆ ಹಾಕಿದವರೂ ನೀವೇ. ನಿಮ್ಮ ಮನೆಯ ಮಗು ಆ ಬೆಂಚಿನಲ್ಲಿ ಕೂತಿದ್ದರೆ ಗಣಿತದ ಮೇಷ್ಟ್ರ ಜಾಗ ಏಳು ತಿಂಗಳು ಖಾಲಿ ಇರುತ್ತಿತ್ತೇ? ಏಳು ದಿನಕ್ಕೆ ಬಿಇಒ ಕಚೇರಿಯ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ನನ್ನನ್ನೂ ಇದೇ ಸಾಲಿನಲ್ಲಿ ನಿಲ್ಲಿಸಿ. ದೊಡ್ಡ ಮಗಳನ್ನು ಊರ ಶಾಲೆಯಲ್ಲಿ ಓದಿಸಿದವನು ಚಿಕ್ಕವಳನ್ನು ಕಾನ್ವೆಂಟಿಗೆ ಹಾಕಿದೆ. ಕೇಳಿದವರಿಗೆ, ‘ಇಲ್ಲಿ ಮೇಷ್ಟ್ರಿಲ್ಲ’ ಅಂದೆ. ಮೇಷ್ಟ್ರಿಲ್ಲ ಎಂದು ಬರೆಯಬೇಕಾದ ಕಾಗದದ ಮೇಲೆ ಸಹಿ ಹಾಕಿದವನು ನೀನೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ.

ಇನ್ನು ಸಮಿತಿಯಲ್ಲಿ ಉಳಿಯುವವರು ಕೂಲಿನಾಲಿ ಮಾಡುವವರು. ಅವರಿಗೆ ಸಭೆ ಇಡುವುದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ಬಂದರೆ ಅವತ್ತಿನ ಕೂಲಿ ಹೋಯಿತು. ಬರದಿದ್ದರೆ ‘ಪೋಷಕರಿಗೆ ಆಸಕ್ತಿಯೇ ಇಲ್ಲ’ ಎಂಬ ದೂರು ಸಿದ್ಧ. ಸಂಜೆ ಆರಕ್ಕೆ ಸಭೆ ಕರೆದು ನೋಡಿದ್ದೀರಾ? ಸ್ವಸಹಾಯ ಸಂಘದ ಸಭೆ ಸಂಜೆ ನಡೆಯುತ್ತದೆ. ಹತ್ತು ರೂಪಾಯಿಯ ಲೆಕ್ಕ ತಪ್ಪಿದರೆ ಅಲ್ಲಿ ಹೆಂಗಸರು ಏಳುವುದಿಲ್ಲ. ಅದೇ ಹೆಂಗಸರು ಶಾಲೆಯ ಸಭೆಯಲ್ಲಿ ಗೋಡೆಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ಕೂರುತ್ತಾರೆ. ಯಾಕೆಂದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂತಿರುತ್ತಾರೆ. ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾನೂನು ಹೇಳಿದ್ದು ನಡಾವಳಿ ಪುಸ್ತಕದ ಹೆಸರುಗಳಿಗಲ್ಲ.

ನಾನು ಹಾಜರಿದ್ದ ಕೆಲವೇ ಸಭೆಗಳಲ್ಲಿ ಒಂದನ್ನು ಮರೆಯಲಾರೆ. ಅನುದಾನದಲ್ಲಿ ಬೀರು ತರಬೇಕೋ ಕುರ್ಚಿ ತರಬೇಕೋ ಎಂದು ಚರ್ಚೆ ನಡೆದಿತ್ತು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ತಾಯಿ, ‘ಸಾ, ನನ್ ಮಗ ಐದನೇ ಕ್ಲಾಸು. ಬಸ್ಸಿನ್ ಬೋರ್ಡು ಓದಕ್ಕೆ ಬರಲ್ಲ. ಅದ್ನೂ ಇದ್ರಲ್ಲಿ ಬರ್ಕೊತೀರಾ?’ ಎಂದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ, ‘ಅದು ಅಜೆಂಡಾದಲ್ಲಿಲ್ಲ ಕಣಮ್ಮ’ ಎಂದರು. ನಾಲ್ಕು ಜನ ನಕ್ಕರು. ನಕ್ಕವರಲ್ಲಿ ನಾನೂ ಇದ್ದೆನೋ ಏನೋ, ಇರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಟೀ ಬಂತು, ಮಂಡಕ್ಕಿ ಬಂತು, ಬೀರು ಎಂದು ಠರಾವಾಯಿತು. ಆ ದಿನದ ನಡಾವಳಿಯಲ್ಲಿ ಕೊನೆಯ ಸಾಲು ಹೀಗಿತ್ತು: ಶಾಲೆಯ ಶೈಕ್ಷಣಿಕ ಪ್ರಗತಿಯ ಬಗ್ಗೆ ಸಭೆಯು ತೃಪ್ತಿ ವ್ಯಕ್ತಪಡಿಸಿತು. ಆ ತಾಯಿ ಮತ್ತೆ ಸಭೆಗೆ ಬರಲಿಲ್ಲ. ಆ ತೃಪ್ತಿಯ ಕೆಳಗೆ ಅವರದ್ದೂ ಒಂದು ಹೆಬ್ಬೆಟ್ಟಿದೆ.

ಶಾಲೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ. ಬೀರು, ಕುರ್ಚಿ, ಕಾಂಪೌಂಡು, ಬಣ್ಣ ಎಲ್ಲವೂ ಆ ಪ್ರಶ್ನೆಯ ಸುತ್ತ ಬರುವಂಥವು. ಐದು ವರ್ಷ ಶಾಲೆಗೆ ಬಂದ ಮಗು ಬಸ್ಸಿನ ಬೋರ್ಡು ಓದಲಾರದು ಎಂದರೆ ಸಮಿತಿ ಬೇರೆ ಯಾವ ವಿಷಯಕ್ಕೂ ಹೋಗಕೂಡದು.

ಈಗ ಹೆಡ್‌ಮಾಸ್ಟ್ರುಗಳ ಮುಂದೆ ನಿಲ್ಲುತ್ತೇನೆ. ನಿಮ್ಮ ಕಷ್ಟ ಗೊತ್ತು. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ದಿನಕ್ಕೊಂದು ಆನ್‌ಲೈನ್ ಮಾಹಿತಿ, ಮೇಲಿಂದ ಮತದಾರರ ಪಟ್ಟಿಯ ಕೆಲಸ. ಊರ ರಾಜಕೀಯ ಶಾಲೆಯೊಳಗೆ ಬಂದರೆ ಪಾಠ ಕೆಡುತ್ತದೆ ಎಂಬ ಭಯವೂ ಸುಳ್ಳಲ್ಲ. ಆದರೆ ಸಮಿತಿಯ ಸದಸ್ಯ ಕಾರ್ಯದರ್ಶಿ ನೀವು. ಸಭೆ ಕರೆಯುವವರು, ನಡಾವಳಿ ಬರೆಯುವವರು, ಪೆನ್ಸಿಲ್ ಗುರುತು ಹಾಕಿ ಪುಸ್ತಕ ಕಳಿಸುವವರು ನೀವು. ಬಾಯಿಲ್ಲದ ಸಮಿತಿ ನಿಮಗೆ ಹಿತವೆನಿಸಿದೆ. ಪ್ರಶ್ನೆ ಕೇಳುವ ಸದಸ್ಯನಿಗೆ ‘ಕಿರಿಕ್ ಪಾರ್ಟಿ’ ಎಂದು ಹೆಸರಿಟ್ಟು, ಮುಂದಿನ ಬಾರಿ ಅವನ ಹೆಸರು ಬರದಂತೆ ನೋಡಿಕೊಳ್ಳುವ ಜಾಣತನವೂ ನಿಮ್ಮಲ್ಲಿ ಕೆಲವರಿಗೆ ಗೊತ್ತು.

ಒಂದು ವಿಷಯ ಮರೆತಿದ್ದೀರಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನಂತೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಪಾಠೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವ ಹೊಣೆಯನ್ನು ಕೇಂದ್ರದ 2010ರ ನಿಯಮಗಳು ಕೊಟ್ಟಿರುವುದು ಇದೇ ಸಮಿತಿಗೆ. ನಿಮ್ಮನ್ನು ಸಲ್ಲದ ಕೆಲಸಕ್ಕೆ ಎಳೆದಾಗ ಬಿಇಒ ಕಚೇರಿಗೆ ಬಂದು, ‘ನಮ್ಮ ಮೇಷ್ಟ್ರನ್ನು ನಮಗೆ ಬಿಡಿ’ ಎಂದು ಹೇಳಬಲ್ಲವರು ಊರಿನ ಪೋಷಕರು ಮಾತ್ರ. ನೀವು ಒಬ್ಬರೇ ಹೇಳಿದರೆ ನೋಟಿಸು ಬರುತ್ತದೆ. ಮೂವತ್ತು ತಾಯಂದಿರು ಹೇಳಿದರೆ ಉತ್ತರ ಬರುತ್ತದೆ. ಬೆನ್ನಿಗೆ ನಿಲ್ಲಬೇಕಾದವರ ಬಾಯಿಗೆ ನೀವೇ ಬೀಗ ಹಾಕಿ, ಆಮೇಲೆ ಒಂಟಿಯಾದೆ ಎಂದು ಅತ್ತರೆ ಯಾರು ಬರಬೇಕು?

ಗ್ರಾಮ ಪಂಚಾಯತಿಯ ಮೆಂಬರುಗಳೇ, ಆಗಸ್ಟ್ 15 ಮತ್ತು ಜನವರಿ 26ಕ್ಕೆ ಲಾಡು ಹಂಚಲು ಬರುತ್ತೀರಿ, ಸಂತೋಷ. ಕಾಯ್ದೆಯ 32ನೇ ಕಲಮು ಗೊತ್ತೇ? ಮಗುವಿನ ಶಿಕ್ಷಣದ ಹಕ್ಕಿಗೆ ಧಕ್ಕೆಯಾಗಿದೆ ಎಂದು ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಎರಡೂ ಕಡೆಯವರನ್ನು ಕೇಳಿ, ಮೂರು ತಿಂಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಬೀದಿ ದೀಪ ಕೆಟ್ಟರೆ ನಿಮಗೆ ಫೋನ್ ಮಾಡುವ ಊರಿನವರು, ಮೇಷ್ಟ್ರಿಲ್ಲ ಎಂದು ಒಂದು ಅರ್ಜಿ ಬರೆದು ಕೊಟ್ಟದ್ದುಂಟೇ? ಅವರು ಕೊಡಲಿಲ್ಲ ಸರಿ, ಕೊಡಬಹುದು ಎಂದು ನೀವಾದರೂ ಗ್ರಾಮಸಭೆಯಲ್ಲಿ ಹೇಳಿದ್ದುಂಟೇ? ಮಕ್ಕಳ ಗ್ರಾಮಸಭೆ ಎಂಬ ಒಳ್ಳೆಯ ಪದ್ಧತಿ ನಮ್ಮ ರಾಜ್ಯದಲ್ಲಿ ಬೆಳೆದುಬಂದಿದೆ. ಅಲ್ಲಿ ಮಕ್ಕಳು ಎದ್ದು ನಿಂತು, ‘ಶೌಚಾಲಯಕ್ಕೆ ನೀರಿಲ್ಲ, ಹೆಣ್ಣುಮಕ್ಕಳು ಮನೆಗೆ ಓಡಬೇಕು’ ಎನ್ನುತ್ತಾರೆ. ವೇದಿಕೆಯಲ್ಲಿದ್ದ ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ವರ್ಷ ಬೇರೆ ಮಗು ಎದ್ದು ನಿಂತು ಅದನ್ನೇ ಹೇಳುತ್ತದೆ. ಮತ್ತೆ ಚಪ್ಪಾಳೆ.

ಮೇಲಿನವರನ್ನು ಬಿಡುವ ಹಾಗಿಲ್ಲ. ಸಮಿತಿ ರಚನೆಯಾಯಿತೇ, ಹೌದು. ಸಭೆ ನಡೆಯಿತೇ, ಹೌದು. ತರಬೇತಿ ಕೊಟ್ಟಿರೇ, ಹೌದು. ಫಾರಂ ತುಂಬಿ ಮೇಲೆ ಕಳಿಸಿದರೆ ಇಲಾಖೆಯ ಕರ್ತವ್ಯ ಮುಗಿಯಿತು. ಆ ತರಬೇತಿ ಎಂದರೆ ಒಂದು ದಿನದ ಭಾಷಣ, ಒಂದು ಊಟ, ಒಂದು ಕೈಪಿಡಿ. ಓದು ಬರಹ ಬಾರದ ತಾಯಿಗೆ ಎಂಬತ್ತು ಪುಟದ ಕೈಪಿಡಿ ಕೊಟ್ಟು ಸಬಲೀಕರಣ ಎಂದು ಕರೆಯುವ ಧೈರ್ಯ ಯಾರಿಂದ ಬಂತು? ತಾಲ್ಲೂಕು ಜಿಲ್ಲೆಯ ಮಟ್ಟದಲ್ಲಿ ಊರ ಶಾಲೆಯ ಪರ ಮಾತಾಡಬೇಕಾದದ್ದು ತಾಲ್ಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ. ಅಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ಮುಂದಿನ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದರು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ್ದು ಬಂದರೂ ಈ ಒಂದು ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯ ಕಾಣಲಿಲ್ಲ. ಖಾಲಿ ಬಿದ್ದ ಆ ಸಭಾಂಗಣಗಳ ಬಗ್ಗೆ ಬೀದಿಗಿಳಿದವರು ಎಷ್ಟು ಜನ? ನಮ್ಮ ಮೌನದ ಲೆಕ್ಕ ಅವರಿಗೆ ಸರಿಯಾಗಿಯೇ ಗೊತ್ತಿದೆ.

ಈಗ ಬಣ್ಣದ ಮಾತು. ಶಾಲೆಯ ಗೋಡೆಗೆ ರೈಲಿನ ಡಬ್ಬಿಯ ಹಾಗೆ ಬಣ್ಣ ಬಳಿಸಿ, ಬ್ಯಾಗು ಹಂಚಿ, ಫೋಟೊ ತೆಗೆಸಿಕೊಂಡು ಹೋಗುವ ಹಳೇ ವಿದ್ಯಾರ್ಥಿಗಳಿಗೆ, ದಾನಿಗಳಿಗೆ ಕೈಮುಗಿಯುತ್ತೇನೆ. ಕೊಡುವ ಕೈ ದೊಡ್ಡದು. ಆದರೆ ನಿಮ್ಮ ಕೊಡುಗೆ ಒಂದು ಕೆಟ್ಟ ಅಭ್ಯಾಸ ಬೆಳೆಸಿದೆ. ಹಕ್ಕಿನಿಂದ ಕೇಳಬೇಕಾದದ್ದನ್ನು ಊರು ಈಗ ಬೇಡಿ ಪಡೆಯುತ್ತಿದೆ. 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದ ಅಡಿಯಲ್ಲಿ ನಿಗದಿಯಾಗಿರುವ ವಾರ್ಷಿಕ ಶಾಲಾ ಅನುದಾನ 25 ಸಾವಿರ ರೂಪಾಯಿ, 250 ಮಕ್ಕಳವರೆಗೆ 50 ಸಾವಿರ. ಸೀಮೆಸುಣ್ಣ, ರಿಪೇರಿ, ಶುಚಿತ್ವ ಎಲ್ಲವೂ ಅದರಲ್ಲೇ ಆಗಬೇಕು. ಇದು ಸಾಕಾಗುತ್ತದೆಯೇ, ಹೊತ್ತಿಗೆ ಬಂದಿತೇ, ಬಂದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಬದಲು ನಾವು ದಾನಿಯ ಹೆಸರಿನ ಕಲ್ಲು ಕೆತ್ತಿಸುತ್ತೇವೆ. ಬೆಂಗಳೂರಿನಲ್ಲಿ ಕೂತು ಆಡಿಟ್ ಮಾಡುವ ಹಳೇ ವಿದ್ಯಾರ್ಥಿಯೊಬ್ಬ ವರ್ಷಕ್ಕೆ ಒಂದು ದಿನ ರಜೆ ಹಾಕಿ ಬಂದು, ಸಮಿತಿಯ ತಾಯಂದಿರಿಗೆ ಕ್ಯಾಷ್‌ಬುಕ್ ಓದುವುದನ್ನು ಕಲಿಸಿದರೆ ಅದು ನೂರು ಬ್ಯಾಗಿಗಿಂತ ದೊಡ್ಡ ದಾನ. ಆದರೆ ಅದರ ಫೋಟೊ ಚೆನ್ನಾಗಿ ಬರುವುದಿಲ್ಲ.

ನವೆಂಬರ್ ಬಂದರೆ ಕನ್ನಡ ಶಾಲೆ ಉಳಿಸಿ ಎಂದು ಗಂಟಲು ಹರಿದುಕೊಳ್ಳುವವರಿಗೂ ಒಂದು ಮಾತಿದೆ. ರಾಜ್ಯದಲ್ಲಿ 45 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ, ಬಹುಪಾಲು ಕನ್ನಡ ಮಾಧ್ಯಮದವು. ಅವು ಸೊರಗುವುದು ಇಂಗ್ಲಿಷಿನಿಂದ ಮಾತ್ರ ಎಂದು ನಂಬಿಕೊಂಡರೆ ನಮಗೆ ಆರಾಮ, ಯಾಕೆಂದರೆ ಆಗ ತಪ್ಪು ಇನ್ಯಾರದ್ದೋ ಆಗುತ್ತದೆ. ನಮ್ಮ ಪಕ್ಕದ ಊರಿನ ಶಾಲೆಗೆ ಬೀಗ ಬಿದ್ದಾಗ ಊರೆಲ್ಲ ಸೇರಿ ಪೇಪರಿನವರಿಗೆ ಹೇಳಿಕೆ ಕೊಟ್ಟಿತು. ಬೀಗ ಬೀಳುವ ಹಿಂದಿನ ಮೂರು ವರ್ಷ ಅಲ್ಲಿಯ ಸಮಿತಿಯ ಸಭೆಗೆ ಒಮ್ಮೆಯೂ ಕೋರಂ ಆಗಿರಲಿಲ್ಲ ಎಂದು ಅಲ್ಲಿನವರೇ ಆಮೇಲೆ ಹೇಳಿದರು. ಪುಸ್ತಕದಲ್ಲಿ ಮಾತ್ರ ಎಲ್ಲ ಸಭೆಗೂ ಕೋರಂ ಇತ್ತು.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಕ್ರಾಂತಿ ಬೇಕಿಲ್ಲ. ಸಭೆಗೆ ಹೋಗದಿದ್ದರೆ ಸಹಿ ಹಾಕಬೇಡಿ. ಹೋದರೆ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡು ಸಹಿ ಹಾಕಿ. ಓದು ಬಾರದವರು ಓದಿಸುವ ತನಕ ಹೆಬ್ಬೆಟ್ಟು ಒತ್ತಬೇಡಿ. ಸಭೆ ಕೂಲಿಯವರಿಗೆ ಅನುಕೂಲವಾದ ಹೊತ್ತಿಗೆ ಇಡಿ ಎಂದು ಪಟ್ಟು ಹಿಡಿಯಿರಿ. ತಿಂಗಳಿಗೊಮ್ಮೆ ಸಭೆ ಆಗಬೇಕು, ನಡಾವಳಿ ಸಾರ್ವಜನಿಕರಿಗೆ ಸಿಗಬೇಕು ಎಂದು ಕೇಂದ್ರದ ನಿಯಮಗಳಲ್ಲೇ ಇದೆ. ಡೇರಿಯ ಗೋಡೆಗೆ ಹಾಲಿನ ಫ್ಯಾಟಿನ ಪಟ್ಟಿ ಅಂಟಿಸುವ ಊರು ಅದರ ಪಕ್ಕ ಈ ಹಾಳೆಯನ್ನೂ ಅಂಟಿಸಬಹುದು. ಫ್ಯಾಟು ಅರ್ಧ ಪಾಯಿಂಟ್ ಕಡಿಮೆಯಾದರೆ ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯುವ ನಮಗೆ ಲೆಕ್ಕ ಕೇಳಲು ಬರುವುದಿಲ್ಲ ಎಂದು ಯಾರೂ ಹೇಳಲಾರರು. ಎಮ್ಮೆಯ ಹಾಲಿಗೆ ತೋರಿಸುವ ನಿಗಾ ಮಗುವಿನ ಓದಿಗೆ ತೋರಿಸುವುದಿಲ್ಲ, ಅಷ್ಟೇ.

ಮೊನ್ನೆ ಅದೇ ಡೇರಿ ಮುಂದೆ ನಿಂತಿದ್ದೆ. ಈಗ ಕ್ಯಾನು ಸ್ಟೀಲಿನದು, ತೂಕ ಅಳೆಯುವುದು ಮಿಷನ್ನು. ಸಮವಸ್ತ್ರದ ಹುಡುಗಿಯೊಬ್ಬಳು ಉದ್ದನೆಯ ಪುಸ್ತಕ ಹಿಡಿದು ಬಂದಳು. ನನ್ನ ಮುಂದಿದ್ದ ಯುವಕನನ್ನು ಹುಡುಕಿಕೊಂಡು ಬಂದಿದ್ದಳು. ಅವನ ಮಗ ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದಾನೆ, ಅವನು ಸಮಿತಿಯ ಹೊಸ ಸದಸ್ಯ. ಹುಡುಗಿ ಬೆನ್ನು ಬಗ್ಗಿಸಿದಳು. ಅವನು ಅದರ ಮೇಲೆ ಪುಸ್ತಕ ಇಟ್ಟು, ಜೇಬಿನಿಂದ ಪೆನ್ನು ತೆಗೆದು, ಒಂದೇ ಏಟಿಗೆ ಸಹಿ ಹಾಕಿ ಕಳಿಸಿದ. ಹದಿನೈದು ವರ್ಷದ ಹಿಂದೆ ನನ್ನ ಮುಂದೆ ಬೆನ್ನು ಬಗ್ಗಿಸಿ ನಿಂತಿದ್ದ ಏಳನೇ ಕ್ಲಾಸಿನ ಹುಡುಗ ಇವನೇ.

‘ಏನ್ ಬರ್ದಿದ್ರಪ್ಪಾ ಅದ್ರಲ್ಲಿ?’ ಎಂದೆ.

‘ನೋಡ್ಲಿಲ್ಲಣ್ಣ’ ಎಂದ. ‘ಪೆನ್ಸಿಲ್ ಗುರ್ತು ಇತ್ತಲ್ಲ.’